ನಲವತ್ತೇಳನೆಯ ನಂಬರಿನ ಬಿಲ್ಲೆ

1986ನೇ ಇಸವಿ ಫೆಬ್ರುವರಿ 11, ಮಂಗಳವಾರ. ಬೆಳಿಗ್ಗೆ 8-40ಕ್ಕೆ ಏಕನಾಥರಾವ್ ನವಲಗುಂದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಹಿಂದೆ ಐವತ್ತು ಜನರಾದರೂ ಇದ್ದರು. ಹೆಂಗಸರು, ಗಂಡಸರು, ಯಾರೂ ಮಾತಾಡುತ್ತಿರಲಿಲ್ಲ. ಕೂಗಾಡುವ ಜನರನ್ನು ಹೆಡ್ ಕಾನ್‌ಸ್ಟೇಬಲ್ ಕಾಸೀಮಸಾಬ ಇಪ್ಪತ್ತಾರು ವರ್ಷಗಳಿಂದ ನಿಭಾಯಿಸುತ್ತ ಬಂದಿದ್ದ. ಸುಮ್ಮನೆ ನಿಂತ ಜನರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

"ಏನಾತ್ರಿ ರಾಯರ? ಊರಿಗೂರ ಕರಕೊಂಡು ಬಂದೀರಲ್ಲ?"

"ಹಾಜರಿ ಪುಸ್ತಕ ಹೋಗೇದ" ಎಂದರು ಏಕನಾಥರಾವ್. ಅವರ ಅಂಗಿಯ ಗುಂಡಿಗಳು ಒಂದು ಮನೆ ತಪ್ಪಿ ಬಿದ್ದಿದ್ದವು.

ಪಿ.ಎಸ್.ಐ. ಪ್ರಭಂಜನ ಒಳಗಿನಿಂದ ಎದ್ದು ಬಂದು ಅವರನ್ನು ಕುರ್ಚಿಯ ಮೇಲೆ ಕೂರಿಸಿದ. ದೂರು ಬರೆಯಲು ಅರ್ಧ ಗಂಟೆ ಹಿಡಿಯಿತು.

ಹುಬ್ಬಳ್ಳಿ ರಸ್ತೆಯಲ್ಲಿದ್ದ, ಹತ್ತಿಯ ಕಾಳು ಬಿಡಿಸುವ ಜಿನ್ನು ಕಾರ್ಖಾನೆ ಹಿಂದಿನ ಅಕ್ಟೋಬರ್ ಕೊನೆಗೆ ಮುಚ್ಚಿತ್ತು. ಹತ್ತಿಯ ಸುಗ್ಗಿ ಬಂದಿತ್ತು. ಗಾಡಿಗಳು ಅದೇ ಗೇಟಿನ ಮುಂದಿನಿಂದ ಬೇರೆ ಊರಿಗೆ ಹೋಗುತ್ತಿದ್ದವು. ಕೆಲಸ ಕಳೆದುಕೊಂಡ ಅರವತ್ತೊಂದು ಜನರಿಗೆ ಸರಕಾರದಿಂದ ಆರು ತಿಂಗಳ ನಿರುದ್ಯೋಗ ಭತ್ಯೆ ಸಿಗುವುದಿತ್ತು. ಅರ್ಜಿ ಹಾಕಿಯಾಗಿತ್ತು. ಮುಚ್ಚುವ ಮುಂಚಿನ ವರ್ಷ ಪ್ರತಿಯೊಬ್ಬರೂ ಎಷ್ಟು ದಿನ ದುಡಿದಿದ್ದರು ಎಂಬುದನ್ನು ಮಾತ್ರ ಹಾಜರಿ ಪುಸ್ತಕದಲ್ಲಿ ನೋಡಿ ಖಾತ್ರಿ ಮಾಡಬೇಕಿತ್ತು. ಅದಕ್ಕಾಗಿ ಶುಕ್ರವಾರ, 14ನೇ ತಾರೀಖು, ಕಾರ್ಮಿಕ ಇಲಾಖೆಯ ಅಧಿಕಾರಿ ಜಿನ್ನಿಗೇ ಬರುವವರಿದ್ದರು. ಅದೇ ಕೊನೆಯ ದಿನ. ಪುಸ್ತಕ ಇಲ್ಲದಿದ್ದರೆ ಅರವತ್ತೊಂದು ಅರ್ಜಿಯೂ ವಾಪಸು.

ಏಕನಾಥರಾವ್ ಹತ್ತೊಂಬತ್ತು ವರ್ಷ ಆ ಜಿನ್ನಿನಲ್ಲಿ ಹಾಜರಿ ಗುಮಾಸ್ತರಾಗಿದ್ದವರು. ಸೋಮವಾರ ಸಂಜೆ ಐದಕ್ಕೆ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಕಪಾಟಿನ ಕೀಲಿ ಅಲ್ಲೇ ಗೋಡೆಯ ಮೊಳೆಗೆ. ಮಂಗಳವಾರ ಬೆಳಿಗ್ಗೆ ಏಳಕ್ಕೆ ನೋಡಿದರೆ ಪುಸ್ತಕ ಇಲ್ಲ. ಎಫ್.ಐ.ಆರ್. ದಾಖಲಾಯಿತು. ಕಲಂ 457, 380.

ಹತ್ತು ಗಂಟೆಗೆ ಪ್ರಭಂಜನ ಇಬ್ಬರು ಪಂಚರನ್ನು ಕರೆದುಕೊಂಡು ಜಿನ್ನಿಗೆ ಹೋದ. ಆಫೀಸಿನ ಬಾಗಿಲು ಗಟ್ಟಿಯಾಗಿತ್ತು, ಕಿಟಕಿಯ ಸರಳು ನೆಟ್ಟಗಿದ್ದವು. ಗೋಡೆ ಗಡಿಯಾರ, ಹಿತ್ತಾಳೆ ತೂಕದ ಕಲ್ಲು, ಟೇಬಲ್ ಫ್ಯಾನ್ ಎಲ್ಲವೂ ಇದ್ದಲ್ಲೇ ಇದ್ದವು. ಆಫೀಸಿನ ಹಿಂಗೋಡೆಗೆ ತಾಗಿ ಯಂತ್ರಗಳ ಕೋಣೆ; ನಡುವಿನ ಬಾಗಿಲಿಗೆ ಬೀಗ ಇರಲಿಲ್ಲ. ಹತ್ತಿಯಿಂದ ಬೇರೆಯಾದ ಕಾಳನ್ನು ಹೊರಗೆ ಎಳೆದು ಹಾಕಲು ಆ ಕೋಣೆಯ ನೆಲಮಟ್ಟದಲ್ಲಿ ಒಂದು ಕಂಡಿ ಇತ್ತು. ಅಗಲ ಒಂದೂಕಾಲು ಅಡಿ. ಮೂರು ತಿಂಗಳ ಧೂಳು ಅದರ ಹೊಸ್ತಿಲಿನ ಮೇಲೆ ಕೂತಿತ್ತು. ನಡುವೆ ಮಾತ್ರ ಒರೆಸಿದಂತೆ ಸ್ವಚ್ಛ.

"ಇದರಾಗಿಂದ ನಾ ಹೋಗಾಂಗಿಲ್ರಿ" ಎಂದ ಕಾನ್‌ಸ್ಟೇಬಲ್ ಬಸವಣ್ಣೆಪ್ಪ, ತನ್ನ ಹೊಟ್ಟೆಯನ್ನು ನೋಡಿಕೊಂಡು.

"ನಿನ್ನ ಮ್ಯಾಲ ಯಾರಿಗೂ ಸಂಶೇ ಇಲ್ಲ ಬಿಡೋ" ಎಂದ ಕಾಸೀಮಸಾಬ.

ಪಂಚನಾಮೆ 11-50ಕ್ಕೆ ಮುಗಿಯಿತು. ಇನ್ನು ಯಾವ ಕಾಗದವೂ ಕಾಣೆಯಾಗಬಾರದೆಂದು ಪ್ರಭಂಜನ ಗೇಟಿಗೆ ಹಗಲೂ ರಾತ್ರಿ ಕಾವಲು ಹಾಕಿದ.

ಹೊರಗೆ ನಿಂತ ಜನರ ಬಾಯಲ್ಲಿ ಆಗಲೇ ಒಂದು ಹೆಸರಿತ್ತು. ಮ್ಯಾನೇಜರ್ ಕುಬೇರಪ್ಪ. ಹಾಜರಿ ಸಾಬೀತಾದರೆ ಕೆಲಸಗಾರರು ನಾಳೆ ಮಾಲೀಕರ ಮೇಲೂ ಪರಿಹಾರಕ್ಕೆ ದಾವೆ ಹಾಕಬಹುದು; ಪುಸ್ತಕ ಇಲ್ಲದಿದ್ದರೆ ಅದೂ ಇಲ್ಲ. ಕುಬೇರಪ್ಪ ಜಿನ್ನಿನ ಹಿಂದಿನ ಕ್ವಾರ್ಟರ್ಸಿನಲ್ಲೇ ಇದ್ದ. ಪ್ರಭಂಜನ ಹೋದಾಗ ಮಧ್ಯಾಹ್ನದ ಊಟದ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದ.

"ಸೋಮವಾರ ಸಂಜೀ ಮುಂದ ಎಲ್ಲಿದ್ರಿ?"

"ಹುಬ್ಬಳ್ಳ್ಯಾಗ. ತಂಗಿ ಮಗಳ ನಿಶ್ಚಯ. ಫೋಟೋನೂ ತಗಸೇವಿ, ಬೇಕಂದ್ರ ನೋಡ್ರಿ."

"ಪುಸ್ತಕ ಹೋದ್ರ ನಿಮಗ ಲಾಭ ಅಂತಾರ ಜನ."

ಕುಬೇರಪ್ಪ ನಕ್ಕ. "ಸಾಹೇಬ್ರ, ಆಫೀಸಿನ ಇನ್ನೊಂದು ಕೀಲಿ ನನ್ನ ಕಿಸೇದಾಗ ಐತಿ. ನಾ ಕದಿಯಾಂವ ಆಗಿದ್ರ ಬಾಗಲಾ ತಗದು ಕದೀತಿದ್ನಿ. ಕಾಳಿನ ಕಂಡ್ಯಾಗ ತೂರಿ ಈ ಧೋತರಾ ಯಾಕ ಹೊಲಸ ಮಾಡ್ಕೋಲಿ?"

ಅದು ಸರಿಯಾದ ಮಾತೇ. ಪ್ರಭಂಜನನಿಗೆ ಆ ನಗೆ ಸೇರಲಿಲ್ಲ, ಮಾತು ಸೇರಿತು. ಹುಬ್ಬಳ್ಳಿಗೆ ಫೋನು ಮಾಡಿ ನಿಶ್ಚಯದ ಸಂಗತಿ ಖಾತ್ರಿ ಮಾಡಿಕೊಂಡ.

ಬುಧವಾರ ಇಡೀ ದಿನ ಊರ ರದ್ದಿ ಅಂಗಡಿ, ಬಸ್ ಸ್ಟ್ಯಾಂಡು, ಜಿನ್ನಿನ ಹಾಳು ಬಾವಿ ಹುಡುಕಿದ್ದಾಯಿತು. ಏನೂ ಸಿಗಲಿಲ್ಲ. ಕೆಲಸಗಾರರು ಮನೆಗೆ ಹೋಗಲಿಲ್ಲ. ಜಿನ್ನಿನ ಬೇವಿನ ಮರದ ಕೆಳಗೆ ಕೂರುವುದು, ಏಳುವುದು, ಠಾಣೆಯವರೆಗೆ ಬಂದು ಇಣುಕುವುದು, ಮತ್ತೆ ಹೋಗಿ ಕೂರುವುದು. ಎರಡು ಸಲ ಅವರವರಲ್ಲೇ ಕೈ ಕೈ ಹತ್ತಿತು. ಪ್ರಭಂಜನನಿಗೂ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ.

ಸಂಜೆ ಅವನು ಏಕನಾಥರಾವ್ ಅವರನ್ನು ಮತ್ತೆ ಕರೆಸಿದ.

"ಆ ಕಾಳಿನ ಕಂಡಿ ಹತ್ರ ಯಾರು ಕೆಲಸಾ ಮಾಡ್ತಿದ್ರು?"

"ಹೆಣ್ಣುಮಕ್ಕಳು. ಕಾಳು ಎಳೆಯೂದು ಅವರ ಕೆಲಸ. ಇಪ್ಪತ್ಮೂರು ಜನ."

"ಪುಸ್ತಕ ಓದಿದ್ರ ಅವರೊಳಗ ಯಾರಿಗರೆ ನುಕ್ಸಾನು ಅದ ಏನು?"

ಏಕನಾಥರಾವ್ ಕನ್ನಡಕ ತೆಗೆದು ಒರೆಸಿದರು. "ನನಗ ಗೊತ್ತಿಲ್ಲ" ಎಂದರು. ಕನ್ನಡಕ ಮೊದಲೇ ಸ್ವಚ್ಛವಿತ್ತು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಜಿನ್ನಿನ ಅಂಗಳದಲ್ಲಿ ಇಪ್ಪತ್ಮೂರು ಹೆಂಗಸರ ಹೇಳಿಕೆ ಬರೆದುಕೊಳ್ಳುವ ಕೆಲಸ ಬಸವಣ್ಣೆಪ್ಪನಿಗೆ ಬಿತ್ತು. ಹೆಸರು, ಗಂಡನ ಹೆಸರು, ಊರು, ಬಿಲ್ಲೆಯ ನಂಬರು, ಸೋಮವಾರ ಸಂಜೆ ಎಲ್ಲಿದ್ದಿರಿ. ಜಿನ್ನಿನ ಪ್ರತಿ ಕೆಲಸಗಾರರಿಗೂ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ ಇತ್ತು. ಬೆಳಿಗ್ಗೆ ಅದನ್ನು ಗುಮಾಸ್ತರ ಹಲಗೆಗೆ ಹಾಕಿದರೆ ಹಾಜರಿ.

ಎರಡನೆಯ ಪ್ರಶ್ನೆಯಲ್ಲೇ ಕೆಲಸ ಸಿಕ್ಕಿಕೊಂಡಿತು.

"ಗಂಡನ ಹೆಸರು?"

ರಜಿಯಾಬಿ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿದಳು. "ಅವರ ಹೆಸರ ನಾ ಹೆಂಗ ಹೇಳ್ಲಿರಿ?"

"ಮತ್ತ ನಾ ಹೇಳ್ಲೇನು? ನಿನ್ನ ಗಂಡನ್ನ ನಾ ನೋಡೇ ಇಲ್ಲಬೇ!"

"ನೋಡಿರ್ತೀರಿ. ಶೇಂಗಾ ಹುರದು ಮಾರ್ತಾರಲ್ಲ, ಬಸ್‌ಸ್ಟ್ಯಾಂಡ್‌ನ್ಯಾಗ? ದುಡ್ಡ ಕೊಡದ ನಿನ್ನೇನೂ ತಿಂದೀರಿ."

ಹಿಂದಿನ ಸಾಲಿನಲ್ಲಿ ನಗೆ ಎದ್ದಿತು. ಕೊನೆಗೆ ಪಕ್ಕದ ಹೆಂಗಸು ರಜಿಯಾಬಿಯ ಗಂಡನ ಹೆಸರು ಹೇಳಿದಳು, ಅವಳ ಗಂಡನದನ್ನು ಅದರ ಪಕ್ಕದವಳು. ಇಪ್ಪತ್ಮೂರು ಹೇಳಿಕೆ ಮುಗಿಯುವ ಹೊತ್ತಿಗೆ ಬಸವಣ್ಣೆಪ್ಪ ಬೆವತು ನೀರಾಗಿದ್ದ.

ಸಂಜೆ 4-30ಕ್ಕೆ ಠಾಣೆಯಲ್ಲಿ ಪ್ರಭಂಜನ ಆ ಕಾಗದಗಳನ್ನು ಒಂದೊಂದಾಗಿ ಓದುತ್ತಿದ್ದ. ಎಲ್ಲರೂ ಸೋಮವಾರ ಸಂಜೆ ಮನೆಯಲ್ಲೇ ಇದ್ದವರು.

"ಏನೂ ಸಿಗವಲ್ದು" ಎಂದ.

"ಗಂಡನ ಹೆಸರು ಕೇಳೂದ್ರಾಗನ ನನ್ನ ಜೀವಾ ಹೋತ್ರಿ" ಎಂದ ಬಸವಣ್ಣೆಪ್ಪ. "ಒಬ್ಬಾಕಿನ ಶ್ಯಾಣ್ಯಾಕಿ. ಮೊರಬದಾಕಿ. ಕೇಳೂದೊಂದ ತಡ, ಶಿದ್ಲಿಂಗಪ್ಪ ಅಂತ ಪಟ್ಟನ ಹೇಳಿದ್ಲು."

ಕಾಸೀಮಸಾಬ ಚಾದ ಬಟ್ಟಲು ಕೆಳಗಿಟ್ಟ. "ಅಳುಕಲಿಲ್ಲೇನು?"

"ಇಲ್ರಿ."

"ಕೈ ಬಾಯಿಗೆ ಹೋಗ್ಲಿಲ್ಲ?"

"ಇಲ್ಲಂದ್ನಲ್ರಿ."

ಕಾಸೀಮಸಾಬ ಪ್ರಭಂಜನನ ಕಡೆ ತಿರುಗಿದ. "ಸಾಹೇಬ್ರ, ನಮ್ಮ ಮನ್ಯಾಕಿ ಮದಿವ್ಯಾಗಿ ಬಂದು ಮೂವತ್ತ ವರ್ಷ ಆತು. ನನ್ನ ಹೆಸರ ಇನ್ನೂ ಬಾಯಾಗ ತಂದಿಲ್ಲ. ರೇಷನ್ ಕಾರ್ಡ್ ಮಾಡಸಾಕ ಹೋದಾಗ ಬಾಜೂ ಮನ್ಯಾಕೀನ ಕರಕೊಂಡು ಹೋಗಿದ್ಲು. ಮೊರಬದಾಕಿ ಆ ಹೆಸರನ್ನ ಅಷ್ಟ ಸಲೀಸ ಹೇಳಿದ್ಲಂದ್ರ ಆಂವ ಆಕಿ ಗಂಡ ಅಲ್ಲ."

"ಅದು ಸಾಕ್ಷಿ ಆಗೂದಿಲ್ಲ, ಕಾಸೀಮಸಾಬ."

"ಸಾಕ್ಷಿ ಆಗೂದಿಲ್ರಿ. ಮೊರಬಕ್ಕ ಒಂದು ಬಸ್ಸಿನ ತಿಕೀಟು ತಗೀಲಿಕ್ಕೆ ಸಾಕಾಗ್ತೈತಿ."

ಪ್ರಭಂಜನ ಆ ಹೇಳಿಕೆಯನ್ನು ಹುಡುಕಿ ತೆಗೆದ. ಹನಮವ್ವ, ಗಂಡ ಶಿದ್ಲಿಂಗಪ್ಪ, ಊರು ಮೊರಬ. ಬಿಲ್ಲೆ ನಂಬರು 47.

ಕಾಸೀಮಸಾಬ 5-15ರ ಬಸ್ಸು ಹಿಡಿದು ಹೋಗಿ ಏಳೂವರೆಗೆ ತಿರುಗಿ ಬಂದ. ಮೊರಬದ ಗ್ರಾಮಲೆಕ್ಕಿಗ ತಲಾಠಿಯ ಮರಣದ ರಜಿಸ್ಟರಿನಿಂದ ಒಂದು ಸಾಲು ಬರೆಸಿಕೊಂಡು ಬಂದಿದ್ದ. ಹನಮವ್ವ, ಗಂಡ ಶಿದ್ಲಿಂಗಪ್ಪ, ವಯಸ್ಸು ಇಪ್ಪತ್ತೇಳು. 1979ನೇ ಸೆಪ್ಟೆಂಬರ್‌ನಲ್ಲಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು.

"ಸತ್ತು ಆರು ವರ್ಷ ಆತು. ಆಮ್ಯಾಲೆ ಆ ಬಿಲ್ಲೆ ಮ್ಯಾಲ ದುಡದಾಕಿ ಶಿದ್ಲಿಂಗಪ್ಪನ ತಂಗಿ, ಮೈಲಾರವ್ವ" ಎಂದ ಕಾಸೀಮಸಾಬ. "ಅಣ್ಣನ ಹೆಸರ ಹೇಳಾಕ ಯಾಕ ನಾಚಬೇಕ್ರಿ?"

ಹೊತ್ತು ಮುಳುಗಿದ ಮೇಲೆ ಹೆಂಗಸನ್ನು ದಸ್ತಗಿರಿ ಮಾಡುವಂತಿರಲಿಲ್ಲ. ಬೆಳಗಾಗುವವರೆಗೆ ಕಾಯಬೇಕಾಯಿತು.

14ನೇ ತಾರೀಖು, ಶುಕ್ರವಾರ ಬೆಳಿಗ್ಗೆ 6-10ಕ್ಕೆ ಜೀಪು ಮೊದಲು ಏಕನಾಥರಾವ್ ಅವರ ಮನೆಯ ಮುಂದೆ ನಿಂತಿತು. ಅವರು ಸ್ನಾನ ಮುಗಿಸಿ, ಕೋಟು ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು.

"ಮೂರ ದಿನಾ ಆತ್ರಿ, ಹೀಂಗ ಕೂಡ್ತಾರ" ಎಂದಳು ಒಳಗಿನಿಂದ ಅವರ ಹೆಂಡತಿ ಲೀಲಾಬಾಯಿ. "ಊಟಾ ಇಲ್ಲ, ನಿದ್ದಿ ಇಲ್ಲ. ಏನದ ಅದನ್ನ ಒಮ್ಮೆ ಹೇಳಿ ಬಿಡ್ರಿ ಅಂತ ನಾನೂ ಅಂದೆ."

"ನಲವತ್ತೇಳನೇ ನಂಬರ" ಎಂದ ಪ್ರಭಂಜನ.

ಏಕನಾಥರಾವ್ ತಲೆ ತಗ್ಗಿಸಿದರು. ಆಮೇಲೆ ಒಂದೇ ಉಸಿರಿಗೆ ಹೇಳಿದರು. ಜಿನ್ನಿನಲ್ಲಿ ಎಂಟು ವರ್ಷದಿಂದ ಹೊಸ ಬಿಲ್ಲೆ ಕೊಡುತ್ತಿರಲಿಲ್ಲ. ಹೊಸ ನಂಬರು ಬಂದರೆ ಹೊಸ ಆಳಿನ ಪ್ರಾವಿಡೆಂಟ್ ಫಂಡು, ಹೊಸ ಲೆಕ್ಕ. ಅದು ಬೇಡವೆಂದು ಕುಬೇರಪ್ಪನ ಕಟ್ಟಪ್ಪಣೆ. ಯಾರಾದರೂ ಸತ್ತರೆ, ಬಿಟ್ಟರೆ, ಬಾಣಂತನಕ್ಕೆ ಹೋದರೆ, ಅವರ ಬಿಲ್ಲೆ ಹಿಡಿದು ಅವರ ಮನೆಯವರು ಬರುತ್ತಿದ್ದರು. ಪುಸ್ತಕದಲ್ಲಿ ಹಳೆಯ ಹೆಸರೇ ನಡೆಯುತ್ತಿತ್ತು. ನಾಳೆ ತಮ್ಮ ಮೇಲೆ ಬರಬಾರದೆಂದು ಏಕನಾಥರಾವ್ ಅಂಥವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಬದಲಿ' ಎಂದು ಬರೆದಿಡುತ್ತಿದ್ದರು.

"ಸೋಮವಾರ ನಾನೇ ಆಕಿಗೆ ಹೇಳಿದೆ. ಸಾಹೇಬ್ರು ಕೆಂಪು ಶಾಯಿ ನೋಡಿದ್ರ ಕೇಳ್ತಾರವಾ, ನನ್ನ ಕೈಲೆ ಸುಳ್ಳು ಹೇಳೂದು ಆಗೂದಿಲ್ಲ ಅಂತ. ಎಚ್ಚರಾ ಇರ್ಲಿ ಅಂತ ಹೇಳಿದೆ. ಹೀಂಗಾತು."

"ಇದನ್ನ ಬರದು ಕೊಡ್ತೀರೇನು? ಮ್ಯಾನೇಜರನ ಅಪ್ಪಣೆ ಇತ್ತು ಅನ್ನೂದ ಸಹಿತ?"

ಲೀಲಾಬಾಯಿ ಗಂಡ ಬಾಯಿ ತೆರೆಯುವ ಮೊದಲೇ ದೌತಿ, ಪೆನ್ನು ತಂದು ಕಟ್ಟೆಯ ಮೇಲಿಟ್ಟಳು.

ಮೊರಬ ತಲುಪಿದಾಗ 7-25. ಮೈಲಾರವ್ವ ಅಂಗಳ ಗುಡಿಸುತ್ತಿದ್ದಳು. ನಲವತ್ತರ ಹತ್ತಿರದ, ಒಣಗಿದ ಮೈಯ ಹೆಂಗಸು. ಜೀಪು ನೋಡಿ ಓಡಲಿಲ್ಲ. ಕಸಬರಿಗೆಯನ್ನು ಗೋಡೆಗೆ ಆನಿಸಿ ಇಟ್ಟಳು.

"ಬಂದ್ರಿ?" ಎಂದಳು. "ನಾನ ಬರಾಕಿ ಇದ್ನಿ."

"ಪುಸ್ತಕ ಎಲ್ಲೈತಿ?" ಎಂದ ಕಾಸೀಮಸಾಬ.

ಅವಳು ಹಿತ್ತಲಿಗೆ ನಡೆದಳು. ಪಂಚರಾಗಿ ಓಣಿಯ ಖಾತುನಬಿಯನ್ನೂ ಒಬ್ಬ ಮುದುಕನನ್ನೂ ಕರೆದಿದ್ದರು. ಅವರ ಎದುರೇ ಮೈಲಾರವ್ವ ಸೆಗಣಿ ಕುಳ್ಳಿನ ಒಟ್ಟಿಲಿನಿಂದ ಎಂಟು ಹತ್ತು ಕುಳ್ಳು ಸರಿಸಿ, ಸೀರೆಯ ತುಂಡಿನಲ್ಲಿ ಸುತ್ತಿದ ಗಂಟನ್ನು ಹೊರಗೆ ತೆಗೆದಳು. ಕೆಂಪು ರಟ್ಟಿನ ಹಾಜರಿ ಪುಸ್ತಕ. ಪ್ರಭಂಜನ ಪುಟ ಪುಟ ತಿರುವಿ ನೋಡಿದ. ಒಂದು ಹಾಳೆಯೂ ಹರಿದಿರಲಿಲ್ಲ, ಒಂದು ಅಕ್ಷರವೂ ಅಳಿಸಿರಲಿಲ್ಲ.

"ಯಾಕ ಒಯ್ದಿದ್ದಿ?"

"ಕೆಂಪಂದ ಕೆರದು ತಗೀಬೇಕಂತ. ಬ್ಲೇಡನೂ ತಂದಿದ್ನಿ."

"ಮತ್ತ ತಗಿಲಿಲ್ಲಲ್ಲ?"

"ನನಗ ಓದಾಕ ಬರೂದಿಲ್ರಿ. ತಗದ ನೋಡಿದ್ರ ಒಂದೊಂದ ಪುಟದಾಗ ಆರಾರು ಏಳೇಳು ಕೆಂಪು ಅದಾವು. ಯಾವುದು ನಂದು? ಮಂದೀದ ಕೆರದ್ರ ಅವರ ದಿನಾ ಹೋಗ್ತಾವಲ್ಲ?" ಅವಳು ಕೈಗಳನ್ನು ಸೀರೆಗೆ ಒರೆಸಿಕೊಂಡಳು. "ಮಂಗಳವಾರ ಮುಂಜೇಲೆ ಇದ್ದಲ್ಲೇ ಇಟ್ಟ ಬರೂಣು ಅಂತ ಫಸ್ಟ್ ಬಸ್ಸಿಗೆ ಹೋದ್ನಿ. ರಾಯರು ನನಗಿಂತ ಮದಲ ಬಂದಿದ್ರು. ಮರುದಿನ ಹೋದ್ನಿ, ಗೇಟಿನ್ಯಾಗ ಪೊಲೀಸ್ರು. ಅದರ ಮರುದಿನಾನೂ ಪೊಲೀಸ್ರು. ಸೆರಗಿನ ಬುಡಕ ಪುಸ್ತಕಾ ಇಟಗೊಂಡ ನಿಮ್ಮ ಮುಂದ ಕೂತು ಹೇಳಿಕಿ ಕೊಟ್ಟೇನ್ರಿ."

ಬಸವಣ್ಣೆಪ್ಪ ಕೆಮ್ಮಿದ.

ಜಪ್ತಿ ಪಂಚನಾಮೆ 8-40ಕ್ಕೆ ಮುಗಿಯಿತು. ಹತ್ತೂವರೆಗೆ ಪುಸ್ತಕ ಜಿನ್ನಿನ ಆಫೀಸಿನ ಟೇಬಲ್ ಮೇಲಿತ್ತು. ತನಿಖೆಗೆ ಜಪ್ತಿಯಾದ ಮುದ್ದೆಮಾಲು ಆದ್ದರಿಂದ ಕಾಸೀಮಸಾಬ ಅದರ ಪಕ್ಕದಲ್ಲೇ ನಿಂತ; ಕಾರ್ಮಿಕ ಇಲಾಖೆಯ ಅಧಿಕಾರಿ ನೋಡಿ ಗುರುತು ಹಾಕಿಕೊಳ್ಳಲು ತಕರಾರಿರಲಿಲ್ಲ. ಒಬ್ಬೊಬ್ಬರ ಹೆಸರು ಕೂಗಿದಂತೆ ಹೊರಗಿನ ಗುಂಪು ಸಡಿಲವಾಗುತ್ತ ಬಂತು. ಮೈಲಾರವ್ವ ಜೀಪಿನಲ್ಲಿ ಕೂತಿದ್ದಳು. ಯಾರೋ ಅವಳ ಕಡೆ ಉಗುಳಿದರು. ರಜಿಯಾಬಿ ಮಾತ್ರ ಹತ್ತಿರ ಹೋಗಿ, "ನನಗ ಒಂದ ಮಾತ ಹೇಳಿದ್ರ ಆಗ್ತಿರ್ಲಿಲ್ಲೇನಬೇ ಹುಚ್ಚಿ? ಕೂಡೇ ಓದಸ್ತಿದ್ವಿ!" ಎಂದು ಬೈದು, ಒಂದು ಹಿಡಿ ಶೇಂಗಾ ಅವಳ ಉಡಿಗೆ ಹಾಕಿದಳು.

ಎರಡು ಗಂಟೆಗೆ ಅರವತ್ತು ಹೆಸರು ಮುಗಿದವು. ಕೆಂಪು ಶಾಯಿ ಇದ್ದ ಉಳಿದವರು ಅಷ್ಟಿಷ್ಟು ದಿನಕ್ಕೆ ಬದಲಿ ಕೊಟ್ಟು ಮರಳಿ ಬಂದವರು. ಅವರ ದಿನಗಳು ಸಾಕಾಗುವಷ್ಟಿದ್ದವು. ಅಧಿಕಾರಿಯ ಬೆರಳು ನಲವತ್ತೇಳರ ಮೇಲೆ ನಿಂತಿತು.

"ಇದು ರದ್ದು. ಸತ್ತವರಿಗೆ ಭತ್ಯೆ ಇಲ್ಲ."

ಪ್ರಭಂಜನ ಏಕನಾಥರಾವ್ ಬರೆದುಕೊಟ್ಟ ಕಾಗದವನ್ನೂ ಮೈಲಾರವ್ವನ ಹೇಳಿಕೆಯನ್ನೂ ಮುಂದಿಟ್ಟ. "ದುಡದಾಕಿ ಸತ್ತಿಲ್ಲ ಸಾಹೇಬ್ರ. ಆರು ವರ್ಷ ದುಡದಾಳ. ಗುಮಾಸ್ತರು ಬರದು ಕೊಟ್ಟಾರ, ಆಕೀನೂ ಹೇಳ್ಯಾಳ."

ಅಧಿಕಾರಿ ಓದಿದರು. "ಪೊಲೀಸರ ಮುಂದೆ ಆರೋಪಿ ಹೇಳಿದ್ದು ಕೋರ್ಟಿನಲ್ಲಿ ನಡೆಯುವುದಿಲ್ಲ ಅಂತಾರಲ್ಲ?"

"ಆಕಿ ವಿರುದ್ಧ ನಡೆಯೂದಿಲ್ರಿ. ಆಕಿ ಪರವಾಗಿ ನಿಮ್ಮ ಟೇಬಲ್ ಮ್ಯಾಲ ಇಡಬ್ಯಾಡ ಅಂತ ಯಾವ ಕಲಮಿನಾಗೂ ನಾ ಓದಿಲ್ಲ."

ಅಧಿಕಾರಿ ಎರಡೂ ಕಾಗದಗಳನ್ನು ಮತ್ತೊಮ್ಮೆ ಮಗುಚಿ ನೋಡಿದರು. "ಆಕೆಯ ಸ್ವಂತ ಹೆಸರಿನಲ್ಲಿ ಹೊಸ ಅರ್ಜಿ ಬೇಕು. ಈಗ ಬೇರೆ ಕೆಲಸ ಇಲ್ಲ ಅನ್ನುವುದಕ್ಕೆ ಒಂದು ಸರಕಾರಿ ದಾಖಲೆ ಬೇಕು. ಉಳಿದವರಿಗೆ ತಲಾಠಿ ಬರೆದುಕೊಟ್ಟಿದ್ದಾರೆ. ಐದೂವರೆಗೆ ನನ್ನ ಬಸ್ಸು."

ಮೊರಬದ ತಲಾಠಿ ಆ ದಿನ ಧಾರವಾಡಕ್ಕೆ ಮೀಟಿಂಗಿಗೆ ಹೋಗಿದ್ದ. ಹೊಸ ಅರ್ಜಿಗೆ ಮೈಲಾರವ್ವ ಜೀಪಿನಲ್ಲೇ ಹೆಬ್ಬೆಟ್ಟು ಒತ್ತಿದಳು. ದಾಖಲೆ ಇರಲಿಲ್ಲ.

ನಾಲ್ಕೂವರೆಗೆ ಠಾಣೆಯಲ್ಲಿ ಪ್ರಭಂಜನ ದಸ್ತಗಿರಿಯ ಫಾರ್ಮು ತೆಗೆದ. ಹೆಂಗಸನ್ನು ರಾತ್ರಿ ಠಾಣೆಯಲ್ಲಿ ಇಡುವಂತಿರಲಿಲ್ಲ. ಆರರೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. ಜಾಮೀನಿಗೆಂದು ಏಕನಾಥರಾವ್ ತಮ್ಮ ಮನೆಯ ಹಕ್ಕಿನ ಉತಾರ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತಿದ್ದರು.

"ಹೆಸರು?"

"ಹನಮವ್ವ" ಎಂದಳು. ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಮೈಲಾರವ್ವ. ಮೈಲಾರವ್ವ ಅಂತ ಬರ್ಕೋರಿ."

ಯಾಕೆ ಹೀಗೆ ಮಾಡಿದೆ ಎಂದು ಅವನು ಮತ್ತೆ ಕೇಳಲಿಲ್ಲ. ಅವಳೇ ಹೇಳಿದಳು. ಗಂಡ ಬಿಟ್ಟ ಮೇಲೆ ಅಣ್ಣನ ಮನೆ ಸೇರಿದವಳು. ಅಣ್ಣ ಎರಡನೆಯ ಮದುವೆಯಾದ. ಯಾರೂ ಹೋಗು ಎಂದಿರಲಿಲ್ಲ.

"ಜಿನ್ನಿಗೆ ಹೋಗೂ ಮುಂದ ಸಂಜೀಕ ಒಲಿ ಮುಂದ ಕರದು ರೊಟ್ಟಿ ಹಾಕ್ತಿದ್ರು, ಬಿಸೇದು. ಜಿನ್ನ ಮುಚ್ಚಿದ ಮ್ಯಾಲ ಬುಟ್ಟ್ಯಾಗ ಮುಚ್ಚಿ ಇಡತಾರ. ಬೇಕಾದಾಗ ತಗೊಂಡ ತಿನ್ನು ಅಂತಾರ. ಬೈದಿಲ್ರಿ ಯಾರೂ. ಆರು ತಿಂಗಳಾ ಆ ಭತ್ಯೆ ಬಂದಿದ್ರ ಮತ್ತ ಒಲಿ ಮುಂದ ಕೂಡ್ತಿದ್ನಿ. ಅಷ್ಟ."

ಪ್ರಭಂಜನ ಬರೆಯುತ್ತ ಹೋದ. ಊರು, ವಯಸ್ಸು, ಕಸುಬು. 'ಕಸುಬು' ಎಂಬುದರ ಮುಂದೆ ಬರೆದದ್ದನ್ನು ಅಭ್ಯಾಸದಂತೆ ಗಟ್ಟಿಯಾಗಿ ಓದಿದ. "ಜಿನ್ನಿನ ಕೂಲಿ ಕೆಲಸ."

"ಅದು ತಪ್ಪಾತ್ರಿ" ಎಂದಳು ಮೈಲಾರವ್ವ. "ಕೆಲಸ ಎಲ್ಲೈತಿ ಈಗ? ಇಲ್ಲ ಅಂತ ಬರೀರಿ. ಒಮ್ಮೆ ಸುಳ್ಳು ಬರಸಿ ಸಾಕಾಗೇತಿ."

ಪ್ರಭಂಜನನ ಪೆನ್ನು ನಿಂತಿತು. ಅವನು ಕಾಸೀಮಸಾಬನ ಕಡೆ ನೋಡಿದ. ಕಾಸೀಮಸಾಬ ಗೋಡೆ ಗಡಿಯಾರದ ಕಡೆ ನೋಡಿದ. 5-05.

ಪ್ರಭಂಜನ ಆ ಸಾಲನ್ನು ಹೊಡೆದು ಹಾಕಿ ಹೊಸದಾಗಿ ಬರೆದ: 'ಜಿನ್ನಿನಲ್ಲಿ ಬಿಲ್ಲೆ ನಂಬರು 47ರ ಮೇಲೆ ಆರು ವರ್ಷ ಕೆಲಸ. 31-10-1985ರಿಂದ ನಿರುದ್ಯೋಗಿ.' ಇನ್ನೊಂದು ಹಾಳೆಯಲ್ಲಿ ಅದರ ನಕಲು ತೆಗೆದು, ಖರೇ ಪ್ರತಿ ಎಂದು ರುಜು ಹಾಕಿ, ಠಾಣೆಯ ಮೊಹರು ಒತ್ತಿದ. ಕಾಸೀಮಸಾಬ ಅದನ್ನು ಕಿಸೆಯಲ್ಲಿಟ್ಟುಕೊಂಡು ಸೈಕಲ್ ಹತ್ತಿದ. ಐವತ್ನಾಲ್ಕು ವಯಸ್ಸಿನ ಅವನು ಅಷ್ಟು ಜೋರಾಗಿ ಸೈಕಲ್ ಹೊಡೆದದ್ದನ್ನು ಬಸವಣ್ಣೆಪ್ಪ ಕಂಡಿರಲಿಲ್ಲ.

5-40ಕ್ಕೆ ಅವನು ತಿರುಗಿ ಬಂದು, ಏದುಸಿರು ಬಿಡುತ್ತ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತ.

"ಇಸ್ಕೊಂಡ್ರು" ಎಂದ. "ಬಸ್ಸಿನ ಬಾಗಲದಾಗ ನಿಂತು ಸಹಿ ಮಾಡಿದ್ರು. ಅರವತ್ತೊಂದೂ ಆದುವು."

ಮೈಲಾರವ್ವ ಮ್ಯಾಜಿಸ್ಟ್ರೇಟರಲ್ಲಿಗೆ ಹೋಗಲು ಎದ್ದು, ಸೆರಗು ಸರಿಮಾಡಿಕೊಂಡಳು. ಹೊಸ್ತಿಲ ಬಳಿ ಒಮ್ಮೆ ನಿಂತಳು.

"ಸಾಹೇಬ್ರ, ಜಾಮೀನ ಆದಮ್ಯಾಲ ಎಲ್ಲೆರೆ ಕೆಲಸ ಸಿಕ್ಕರ, ಅದನ್ನೂ ಬಂದು ಹೇಳಬೇಕೇನ್ರಿ? ಭತ್ಯೆ ನಿಂದರ್ಸಾಕ?"

"ಹೇಳಬೇಕವಾ."

"ಹೇಳ್ತೀನ್ರಿ" ಎಂದಳು ಮೈಲಾರವ್ವ, ಮತ್ತು ಜೀಪಿನ ಕಡೆ ನಡೆದಳು.